ವಿಷ ಕುಡಿಯಲೊಲ್ಲದ ರಾಣಿ

ಇಪ್ಪತ್ತಾರು ತುಂಬುವ ಹೊತ್ತಿಗೆ ಜೆಸ್ಲಿನ್ ಕುಟಿನ್ಹೊ ಮೂರು ಪಾತ್ರಗಳನ್ನು ಮಾಡಿ ಮುಗಿಸಿದ್ದಳು. ಮೊದಲನೆಯದು ಸೌತಾಂಪ್ಟನ್ನಿನ ಮಕ್ಕಳ ನಾಟಕವೊಂದರಲ್ಲಿ ಕುದುರೆಯ ಹಿಂಭಾಗ. ಎರಡನೆಯದು ಲಂಡನ್ನಿನ ಒಂದು ಪಬ್ಬಿನ ಮಾಳಿಗೆಯಲ್ಲಿ ನಡೆದ ನಾಟಕದ ದಾಸಿ, ಆಕೆ ಮೂಗಿ. ಮೂರನೆಯದು ಟಿವಿ ಧಾರಾವಾಹಿಯಲ್ಲಿ ಆಸ್ಪತ್ರೆಯ ಪರದೆಯ ಹಿಂದೆ ಮಲಗಿದ ರೋಗಿ. ಪರದೆಯ ಕೆಳಗಿನಿಂದ ಅವಳ ಎಡಗಾಲಿನ ಪಾದ ಚೆನ್ನಾಗಿ ಕಾಣಿಸಿತ್ತು. ಅದನ್ನು ಅಮ್ಮ ವಿಯೋಲಾ ಕ್ಯಾಸೆಟ್ಟಿಗೆ ಇಳಿಸಿಕೊಂಡು ಚರ್ಚಿನವರನ್ನೆಲ್ಲ ಚಹಾಕ್ಕೆ ಕರೆದು ತೋರಿಸಿದ್ದಳು. ಹೀಗಾಗಿ ಜೆಸ್ಲಿನ್ ತನ್ನನ್ನು ರಂಗಭೂಮಿ ಮತ್ತು ಕಿರುತೆರೆಯ ಬ್ರಿಟಿಷ್ ನಟಿ ಎಂದು ಕರೆದುಕೊಂಡರೆ ಅದರಲ್ಲಿ ಸುಳ್ಳೇನೂ ಇರಲಿಲ್ಲ.

ಅಪ್ಪ ಮ್ಯಾಕ್ಸಿಮ್ ಮಂಗಳೂರಿನವನು. ಹಡಗಿನ ಅಡುಗೆಮನೆಯಲ್ಲಿ ಊರೂರು ಸುತ್ತಿ ಕೊನೆಗೆ ಸೌತಾಂಪ್ಟನ್ ಬಂದರಿನ ಹೋಟೆಲೊಂದರಲ್ಲಿ ನೆಲೆ ಕಂಡುಕೊಂಡ. ವಿಯೋಲಾ ಅಲ್ಲೇ ನರ್ಸ್ ಆದಳು. ಇಬ್ಬರೂ ಪಾಳಿಯ ಮೇಲೆ ದುಡಿಯುತ್ತಿದ್ದ ಆ ವರ್ಷಗಳಲ್ಲಿ ಜೆಸ್ಲಿನ್‌ಳನ್ನು ಮಂಗಳೂರಿನ ಬಿಜೈಯಲ್ಲಿ ವಿಯೋಲಾಳ ಅಕ್ಕ ಲೂರ್ಡ್ಸ್ ಸಾಕಿದಳು. ಲೂರ್ಡ್ಸ್ ಪ್ರಾಥಮಿಕ ಶಾಲೆಯ ಕನ್ನಡ ಟೀಚರು. ಪ್ರಾರ್ಥನೆಗೆ ಕೊಂಕಣಿ, ಬ್ಯಾಂಕಿಗೆ ಇಂಗ್ಲಿಷು, ಬೈಯುವುದಕ್ಕೆ ಕನ್ನಡ ಎಂದು ಆಕೆ ಭಾಷೆಗಳಿಗೆ ಕೆಲಸ ಹಂಚಿಕೊಟ್ಟಿದ್ದಳು. ಜೆಸ್ಲಿನ್ ತುಂಟಿಯಾಗಿದ್ದರಿಂದ ಅವಳಿಗೆ ಕನ್ನಡವೇ ಹೆಚ್ಚು ಸಿಕ್ಕಿತು. ಎಂಟು ವರ್ಷದವಳಾದಾಗ ಅಪ್ಪ ಅಮ್ಮ ಬಂದು ಇಂಗ್ಲೆಂಡಿಗೆ ಕರೆದುಕೊಂಡು ಹೋದರು. ಆಮೇಲೆ ಅವಳ ಇಂಗ್ಲಿಷಿಗೆ ವಯಸ್ಸಾಗುತ್ತಾ ಹೋಯಿತು, ಕನ್ನಡ ಮಾತ್ರ ಎಂಟರಲ್ಲೇ ನಿಂತಿತು.

ಲಂಡನ್ನಿನಲ್ಲಿ ಒಂದೊಂದು ಪಾತ್ರಕ್ಕೂ ಬೀದಿಯುದ್ದ ಕ್ಯೂ ನಿಲ್ಲುತ್ತದೆ, ಆಸ್ಟ್ರೇಲಿಯದಲ್ಲಿ ಕ್ಯೂ ಗಿಡ್ಡ ಎಂದು ಯಾರೋ ಹೇಳಿದ ಮಾತನ್ನು ನಂಬಿ ಜೆಸ್ಲಿನ್ ೨೦೦೬ರಲ್ಲಿ ವರ್ಕಿಂಗ್ ಹಾಲಿಡೇ ವೀಸಾ ಹಿಡಿದು ಮೆಲ್ಬರ್ನಿಗೆ ಬಂದಿಳಿದಳು. ಲೂರ್ಡ್ಸ್ ಆಗಲೇ ನಿವೃತ್ತಿಯಾಗಿ ಅಲ್ಲಿಗೆ ಬಂದು, ಮಗ ರೂಬೆನ್ ಜೊತೆ ನಗರದಂಚಿನ ವಿಂಡಮ್ ವೇಲ್‌ನ ಹೊಸ ಬಡಾವಣೆಯಲ್ಲಿದ್ದಳು. ಸುತ್ತ ಒಂದೇ ಅಚ್ಚಿನ ಮನೆಗಳು. ಎರಡು ಸಲ ಬೇರೆಯವರ ಮನೆಯ ಬಾಗಿಲಿಗೆ ಬೀಗದ ಕೈ ತುರುಕಿ ಬೈಸಿಕೊಂಡ ಮೇಲೆ ಲೂರ್ಡ್ಸ್ ತಮ್ಮ ಗೇಟಿಗೆ ಒಂದು ಕೆಂಪು ಪ್ಲಾಸ್ಟಿಕ್ ಬಕೆಟ್ ಕಟ್ಟಿದ್ದಳು.

"ಎಂತ ಬಾಯೆ, ನಟಿ ಅಂದ್ರೆ ಇಷ್ಟು ಸಪೂರ ಇರ್ಬೇಕಾ?" ಎಂದು, ಮಗುವನ್ನು ಮುದ್ದಿನಿಂದ ಕರೆಯುವ ಕೊಂಕಣಿ ಮಾತಿನಲ್ಲೇ ಕರೆದು, ಲೂರ್ಡ್ಸ್ ಅವಳ ಕೆನ್ನೆ ಹಿಂಡಿದಳು. "ಮೊದಲು ಊಟ ಮಾಡು. ಆ್ಯಕ್ಟಿಂಗ್ ಮತ್ತೆ ನೋಡುವಾ."

ರೂಬೆನ್ ಹತ್ತಿರದ ಟ್ರುಗನಿನಾ ಎಂಬಲ್ಲಿಯ ಗೋದಾಮೊಂದರಲ್ಲಿ ಸೂಪರ್‌ವೈಸರ್. ತಂಗಿಗೂ ಅಲ್ಲೇ ಶಾಂಪೂ ಬಾಟಲಿಗಳನ್ನು ಪೆಟ್ಟಿಗೆಗೆ ತುಂಬುವ ಕೆಲಸ ಕೊಡಿಸಿದ. ವಾರದಲ್ಲಿ ಒಂದೋ ಎರಡೋ ದಿನ ರಜೆ ಹಾಕಿ ಅವಳು ಬಸ್ಸು ಹಿಡಿದು, ವೆರಿಬಿಯಲ್ಲಿ ರೈಲು ಹತ್ತಿ, ಸಿಟಿಗೆ ಆಡಿಷನ್ನಿಗೆ ಹೋಗಿಬರುತ್ತಿದ್ದಳು.

ಕ್ಯೂ ನಿಜಕ್ಕೂ ಗಿಡ್ಡವೇ ಇತ್ತು. ಆದರೆ ಅದು ಬೇರೆ ಕ್ಯೂ. ಬಿಳಿಯರ ಮನೆಯ ಮಗಳು, ಗೆಳತಿ, ವಕೀಲೆ ಇಂಥ ಪಾತ್ರಗಳಿಗೆ ಅವಳನ್ನು ಯಾರೂ ಕರೆಯುತ್ತಿರಲಿಲ್ಲ. ಕರೆದದ್ದು ಟ್ಯಾಕ್ಸಿ ಡ್ರೈವರನ ಹೆಂಡತಿಯ ಪಾತ್ರಕ್ಕೆ. ಜೆಸ್ಲಿನ್ ತನ್ನ ಸೌತಾಂಪ್ಟನ್ ಇಂಗ್ಲಿಷಿನಲ್ಲಿ ಎರಡು ಸಾಲು ಹೇಳಿದೊಡನೆ ನಟರನ್ನು ಆರಿಸುವ ಹೆಂಗಸು ಕನ್ನಡಕ ತೆಗೆದು, ಬಹಳ ಪ್ರೀತಿಯಿಂದ, "ಇನ್ನೂ ಸ್ವಲ್ಪ ಇಂಡಿಯನ್ ಆಗಿ ಮಾಡ್ತೀಯಾ ಚಿನ್ನಾ?" ಎಂದಳು.

ಮನೆಗೆ ಬಂದು ಜೆಸ್ಲಿನ್ ಇದನ್ನು ಹೇಳಿದಾಗ ಲೂರ್ಡ್ಸ್ ಮೀನಿಗೆ ಮಸಾಲೆ ಹಚ್ಚುತ್ತಿದ್ದಳು.

"ಸ್ವಲ್ಪ ಇಂಡಿಯನ್ ಅಂದ್ರೆ ಎಂತ? ಸ್ವಲ್ಪ ಉಪ್ಪು ಹಾಕು ಅಂದ ಹಾಗೆಯಾ?"

"ಆ್ಯಕ್ಸೆಂಟ್ ಬೇಕಂತೆ ಮಾವ್ಶಿ. ನಂಗೆ ಬರುದಿಲ್ಲ." ದೊಡ್ಡಮ್ಮನಿಗೆ ಅವಳು ಕೊಂಕಣಿಯಲ್ಲಿ ಮಾವ್ಶಿ ಎನ್ನುತ್ತಿದ್ದಳು.

"ನನಗೆ ಬರ್ತದೆ. ಕೂತ್ಕೊ."

ಎರಡು ವಾರ ಪಾಠ ನಡೆಯಿತು. ಲೂರ್ಡ್ಸ್‌ಳ ಇಂಗ್ಲಿಷ್ ಬಿಜೈಯ ಚರ್ಚಿನ ಅಂಗಳದಲ್ಲಿ ಬೆಳೆದದ್ದು. ಅದರಲ್ಲಿ ಗಂಡಸಿರಲಿ ಹೆಂಗಸಿರಲಿ ಎಲ್ಲರೂ 'ಮೆನ್'. "ವಾಟ್ ಮೆನ್, ಟ್ಯಾಕ್ಸಿ ಕಮಿಂಗ್ ಆರ್ ನಾಟ್?" ಎಂದು ಜೆಸ್ಲಿನ್ ಅಚ್ಚುಕಟ್ಟಾಗಿ ಕಲಿತು ಹೋಗಿ ಒಪ್ಪಿಸಿದಳು. ಆ ಹೆಂಗಸು ತಲೆ ಅಲ್ಲಾಡಿಸಿ, ಇದು ಯಾವ ದೇಶದ್ದೋ ತನಗೆ ಗೊತ್ತಿಲ್ಲ, ಆದರೆ ಇಂಡಿಯನ್ನರು ಹೀಗೆ ಮಾತಾಡುವುದಿಲ್ಲ ಎಂದಳು. ಪಾತ್ರ ಗ್ರೀಕರ ಹುಡುಗಿಯೊಬ್ಬಳ ಪಾಲಾಯಿತು. ಅವಳು ಕತ್ತು ಚೆನ್ನಾಗಿ ಕುಣಿಸಿದಳಂತೆ.

ಸುದ್ದಿ ಕೇಳಿದ ಲೂರ್ಡ್ಸ್ ಮೂರು ದಿನ ಸಿಟ್ಟಿನಿಂದಿದ್ದಳು. ತನ್ನ ಜೀವಮಾನದಲ್ಲಿ ಅವಳನ್ನು ಯಾರೂ ಫೇಲ್ ಮಾಡಿರಲಿಲ್ಲ.

ಆಗಸ್ಟಿನಲ್ಲಿ ಕೊನೆಗೂ ಒಂದು ಪಾತ್ರ ಬಂತು. ಪೊಲೀಸ್ ಧಾರಾವಾಹಿ. ನದಿಯ ದಂಡೆಯಲ್ಲಿ ಸಿಗುವ ಹೆಣ. ಮಾತಿಲ್ಲ, ಆದ್ದರಿಂದ ಆ್ಯಕ್ಸೆಂಟಿನ ತಕರಾರೂ ಇಲ್ಲ. ಕುದುರೆಯ ಹಿಂಭಾಗದಿಂದ ಶುರುಮಾಡಿದವಳಿಗೆ ಇದರಲ್ಲಿ ಮುಖ ಪೂರ್ತಿ ಕಾಣುತ್ತದಲ್ಲ ಎಂಬುದೇ ದೊಡ್ಡ ವಿಷಯ. ಜೆಸ್ಲಿನ್ ಸ್ನಾನದ ತೊಟ್ಟಿಯಲ್ಲಿ ಉಸಿರು ಬಿಗಿಹಿಡಿದು ಮಲಗಿ ಅಭ್ಯಾಸ ಮಾಡಿದಳು. ಒಮ್ಮೆ ಹಾಗೆ ಮಲಗಿದ್ದಾಗ ರೂಬೆನ್ ಬಾಗಿಲು ಬಡಿದು, "ಸತ್ತಾಗಿದ್ರೆ ಬೇಗ ಬಾ, ನಂಗೆ ಡ್ಯೂಟಿಗೆ ಹೋಗ್ಲಿಕ್ಕೆ ಉಂಟು" ಎಂದ.

ಚಿತ್ರೀಕರಣ ವೆರಿಬಿ ನದಿಯ ಬಳಿಯೇ ಆದ್ದರಿಂದ ಲೂರ್ಡ್ಸ್ ತಾನೂ ಬರುತ್ತೇನೆಂದು ಹೊರಟಳು. ಚಳಿಗೆ ಇರಲಿ ಎಂದು ಫ್ಲಾಸ್ಕಿನಲ್ಲಿ ಗಂಜಿ, ಡಬ್ಬಿಯಲ್ಲಿ ಉಪ್ಪಿನಕಾಯಿ, ಚೀಲದಲ್ಲಿ ಜಪಮಾಲೆ. ಅವಳನ್ನು ದೂರದ ಕುರ್ಚಿಯಲ್ಲಿ ಕೂರಿಸಿ, ಜೆಸ್ಲಿನ್‌ಳನ್ನು ಮೇಕಪ್ಪಿಗೆ ಕರೆದೊಯ್ದರು. ತುಟಿಗೆ ನೀಲಿ, ಹಣೆಗೆ ರಕ್ತ, ಕೂದಲಿಗೆ ಕೆಸರು, ಮೈಮೇಲೆ ತೆಳ್ಳಗಿನ ಒಂದು ಫ್ರಾಕು. ಒದ್ದೆ ಮರಳಿನ ಮೇಲೆ ಮಲಗಿಸಿದರು. ಗಾಳಿ ಕೊರೆಯುತ್ತಿತ್ತು. ಜೆಸ್ಲಿನ್ ಉಸಿರನ್ನು ಹಿಡಿದಳು, ಕಣ್ಣೆವೆಯನ್ನು ಹಿಡಿದಳು. ಹಲ್ಲನ್ನು ಮಾತ್ರ ಹಿಡಿಯಲಾಗಲಿಲ್ಲ. ಅವು ಕಟಕಟ ಎನ್ನತೊಡಗಿದವು.

"ಕಟ್! ಸತ್ತವರು ಹಲ್ಲು ಕಡಿಯೋದಿಲ್ಲ ಕಣಮ್ಮ" ಎಂದ ನಿರ್ದೇಶಕ. ಅವನು ಗಡ್ಡದ ತೆಳ್ಳನೆಯ ಮನುಷ್ಯ. ಚಳಿಗೆ ಅವನ ಹಲ್ಲೂ ಕಟಕಟ ಎನ್ನುತ್ತಿತ್ತು.

ಮತ್ತೆ ಶುರುವಾಯಿತು. ಈ ಸಲ ಹಲ್ಲು ಸುಮ್ಮನಿದ್ದವು. ಆದರೆ ಅಷ್ಟರಲ್ಲಿ ಲೂರ್ಡ್ಸ್ ಫ್ಲಾಸ್ಕ್ ಹಿಡಿದುಕೊಂಡು ಹತ್ತಿರ ಬಂದಿದ್ದಳು, ಬಿಸಿಬಿಸಿಯಾಗಿ ಎರಡು ಗುಟುಕು ಕುಡಿಸೋಣವೆಂದು. ಪೊಲೀಸರ ಕಾಲುಗಳ ನಡುವಿನಿಂದ ಬಗ್ಗಿ ನೋಡಿದವಳಿಗೆ ಕಂಡದ್ದು ತಾನು ಎಂಟು ವರ್ಷ ಎತ್ತಿ ಆಡಿಸಿದ ಮಗು: ನೀಲಿ ತುಟಿ, ರಕ್ತದ ಹಣೆ, ಅಲುಗದ ಎದೆ. ಇದು ನಾಟಕವೆಂದು ಅವಳಿಗೆ ಗೊತ್ತಿತ್ತು. ಗೊತ್ತಿದ್ದದ್ದು ಆ ಗಳಿಗೆಯಲ್ಲಿ ಉಪಯೋಗಕ್ಕೆ ಬರಲಿಲ್ಲ. ಫ್ಲಾಸ್ಕ್ ಕೈಜಾರಿ ಬಿತ್ತು.

"ಅಯ್ಯೋ ನನ್ನ ಬಾಯೆ! ಏಳೇ! ಗಂಜಿ ತಂದಿದ್ದೇನೆ, ಏಳೇ!" ಎಂದು ಅವಳು ಎದೆ ಬಡಿದುಕೊಂಡು ಮರಳಿನ ಮೇಲೆ ಕುಸಿದಳು. ಆ ದನಿಗೆ ನದಿಯಲ್ಲಿದ್ದ ಬಾತುಕೋಳಿಗಳು ಎದ್ದು ಹಾರಿದವು. ಪೊಲೀಸ್ ವೇಷದವನೊಬ್ಬ ಟೋಪಿ ತೆಗೆದ.

ಹೆಣವಾಗಿದ್ದ ಜೆಸ್ಲಿನ್‌ಗೆ ಏಳಬೇಕೋ ಬೇಡವೋ ತಿಳಿಯಲಿಲ್ಲ. ಕ್ಯಾಮೆರಾ ಓಡುತ್ತಿದೆ, ಕಟ್ ಎನ್ನುವವರೆಗೆ ಅಲುಗಬಾರದೆಂದು ನಟನೆಯ ಕಾಲೇಜಿನಲ್ಲಿ ಕಲಿಸಿದ್ದರು. ಅವಳು ಅಲುಗಲಿಲ್ಲ. ಕಟ್ ಎನ್ನಬೇಕಾದವನು ಬಾಯಿ ತೆರೆದುಕೊಂಡು ಲೂರ್ಡ್ಸ್‌ಳನ್ನೇ ನೋಡುತ್ತಿದ್ದ.

ಕೊನೆಗೆ ಅವನು ಬಂದು ಲೂರ್ಡ್ಸ್‌ಳ ಮುಂದೆ ಮೊಣಕಾಲೂರಿ ಕೂತ. ಸತ್ತ ಹುಡುಗಿಗೆ ಒಬ್ಬ ತಾಯಿ ಇದ್ದರೆ ಹೇಗೆ ಎಂದು ಕೇಳಿದ. ಕಥೆಯಲ್ಲಿ ತಾಯಿ ಇರಲಿಲ್ಲ. ಆ ಕ್ಷಣದಿಂದ ಇದ್ದಳು. ಪೊಲೀಸ್ ಸ್ಟೇಷನ್ನಿನ ಇನ್ನೊಂದು ದೃಶ್ಯವನ್ನೂ ಅವಳಿಗಾಗಿ ಹೊಸೆದರು. ಅದರಲ್ಲಿ ಅವಳಿಗೆ ಮಾತೂ ಇತ್ತು.

"ಆ್ಯಕ್ಸೆಂಟ್?" ಎಂದು ಲೂರ್ಡ್ಸ್ ಸಂಶಯದಿಂದ ಕೇಳಿದಳು.

"ನಿಮಗೆ ಬಂದ ಹಾಗೆ ಮಾತಾಡಿ" ಎಂದ ನಿರ್ದೇಶಕ. ಕೆಸರುಗೂದಲಿನಿಂದ ಇದನ್ನೆಲ್ಲ ಕೇಳುತ್ತಾ ಕೂತಿದ್ದ ಜೆಸ್ಲಿನ್, ಚೆಲ್ಲಿ ಉಳಿದ ಗಂಜಿಯನ್ನು ಕುಡಿದಳು. ಉಪ್ಪಿನಕಾಯಿ ಡಬ್ಬಿಯನ್ನು ಮುಟ್ಟಲಿಲ್ಲ. ಅಷ್ಟು ಹೊಟ್ಟೆಯುರಿ ಆಗಲೇ ಇತ್ತು.

ಅಕ್ಟೋಬರಿನಲ್ಲಿ ಆ ಕಂತು ಪ್ರಸಾರವಾದಾಗ ವಿಂಡಮ್ ವೇಲ್‌ನ ಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಟಿವಿಯಲ್ಲಿ ಜೆಸ್ಲಿನ್ ಬಂದಳು, ಹೋದಳು. ಅಷ್ಟರಲ್ಲಿ ಯಾರೋ ಸಮೋಸ ಹಂಚುತ್ತಿದ್ದರಿಂದ ಅರ್ಧ ಜನ ನೋಡಲೇ ಇಲ್ಲ. ಲೂರ್ಡ್ಸ್ ಮಾತ್ರ ತೆರೆಯ ತುಂಬ ಅತ್ತಳು. "ಶಿ ವಾಸ್ ಅ ಗುಡ್ ಗರ್ಲ್, ಮೆನ್" ಎಂದು ಇನ್‌ಸ್ಪೆಕ್ಟರನ ಕೋಟು ಹಿಡಿದು ಹೇಳಿದಾಗ ಮನೆಯಲ್ಲಿದ್ದವರೂ ಮೂಗು ಒರೆಸಿಕೊಂಡರು. ವಿಯೋಲಾ ಸೌತಾಂಪ್ಟನ್ನಿನಿಂದ ಫೋನ್ ಮಾಡಿ ಅರ್ಧ ಗಂಟೆ ಅಕ್ಕನ ಜೊತೆ ಮಾತಾಡಿದಳು. ಕೊನೆಗೆ, "ಜೆಸ್ಸಿ ಹೇಗಿದ್ದಾಳೆ?" ಎಂದು ಕೇಳಿದಳು.

ಆಮೇಲೆ ಲೂರ್ಡ್ಸ್‌ಗೆ ಇನ್ನೆರಡು ಕಡೆಯಿಂದ ಅಳುವ ತಾಯಿಯ ಪಾತ್ರಕ್ಕೆ ಕರೆ ಬಂತು. "ಒಬ್ಬಳು ಎಷ್ಟು ಮಕ್ಕಳನ್ನು ಕಳ್ಕೊಳ್ಳುದು ಮಾರಾಯ್ತಿ?" ಎಂದು ಅವಳು ಎರಡನ್ನೂ ಬೇಡವೆಂದಳು. ಜೆಸ್ಲಿನ್‌ಗೆ ಇದು ಇನ್ನೂ ಉರಿಯಿತು. ತಾನು ಕ್ಯೂ ನಿಂತು ಕಾಯುವ ಬಾಗಿಲು ಮಾವ್ಶಿಗೆ ತಾನಾಗಿ ತೆರೆಯುತ್ತದೆ, ಅವಳೋ ಗಾಳಿ ಬರುತ್ತದೆಂದು ಮುಚ್ಚುತ್ತಾಳೆ! ಇಂಗ್ಲೆಂಡಿಗೆ ಟಿಕೆಟ್ ಬುಕ್ ಮಾಡುವ ಬಗ್ಗೆ ಅವಳು ಗಂಭೀರವಾಗಿ ಯೋಚಿಸತೊಡಗಿದಳು.

ಸಿಡ್ನಿಯ ಕರೆ ಬಂದದ್ದು ಆಗ. ರೂಬೆನ್‌ನ ಹಳೆಯ ರೂಮ್‌ಮೇಟ್ ಯೋಗೀಶ ಎಂಬ ಮೈಸೂರಿನ ಹುಡುಗ ಸಿಡ್ನಿಯ ಐಟಿ ಕಂಪನಿಯಲ್ಲಿದ್ದ. ಅಲ್ಲಿನ ಎಪ್ಪಿಂಗ್ ಬಡಾವಣೆಯ ಕನ್ನಡಿಗರು ರಾಜ್ಯೋತ್ಸವಕ್ಕೆ ಒಂದು ಐತಿಹಾಸಿಕ ನಾಟಕ ಆಡುವವರಿದ್ದರು. ರಾಣಿಯ ಪಾತ್ರ ಮಾಡಬೇಕಿದ್ದ ಶ್ರೀಲಕ್ಷ್ಮಿಗೆ ಅವಧಿಗೆ ಮೊದಲೇ ಹೆರಿಗೆಯಾಗಿಬಿಟ್ಟಿತ್ತು. ಬದಲಿಗೆ ಯಾರಾದರೂ ಇದ್ದಾರಾ ಎಂದು ಯೋಗೀಶ ಕೇಳಿದ. ರೂಬೆನ್ ಉದಾರವಾಗಿ, "ಬ್ರಿಟಿಷ್ ನಟಿಯೇ ಇದ್ದಾಳೆ. ಹೆಸರು ಜೆಸ್ಲಿನ್. ಲಂಡನ್ ಸ್ಟೇಜು, ಟಿವಿ ಎಲ್ಲ ಮಾಡಿದ್ದಾಳೆ. ಕನ್ನಡವೂ ಮಾತಾಡ್ತಾಳೆ" ಎಂದ. ತನ್ನ ಚಿಕ್ಕಮ್ಮನ ಮಗಳು ಎಂಬುದನ್ನು ಹೇಳುವುದಕ್ಕೆ ಅವನಿಗೆ ನೆನಪಾಗಲಿಲ್ಲ.

ನಾಟಕ ಬರೆದು, ನಿರ್ದೇಶಿಸಿ, ರಾಜನ ಪಾತ್ರವನ್ನೂ ತಾನೇ ಇಟ್ಟುಕೊಂಡಿದ್ದ ಗಿರೀಶನಿಗೆ ಈ ಸುದ್ದಿ ತಲುಪಿದಾಗ ಅವನು ಕುರ್ಚಿಯಿಂದ ಎದ್ದು ನಿಂತನಂತೆ. ಬೆಂಗಳೂರಿನ ಬಸವನಗುಡಿಯವನು, ಹಗಲು ಡೇಟಾಬೇಸ್, ಸಂಜೆ ಸಾಹಿತ್ಯ. 'ರಾಣಿ ಕನಕಾಂಬೆ' ಎಂಬ ಆ ನಾಟಕಕ್ಕೆ ಅವನು ಮೂರು ವರ್ಷ ಹಾಕಿದ್ದ. ಶತ್ರುಗಳು ಕೋಟೆ ಮುತ್ತಿದಾಗ ಕನಕಾಂಬೆ ಸೇನೆಯನ್ನು ಹುರಿದುಂಬಿಸಿ, ಸೋಲು ಖಚಿತವಾದಾಗ ರಾಜನ ಕೈಯಿಂದಲೇ ವಿಷ ಕುಡಿದು ಪ್ರಾಣ ಬಿಡುವ ಕಥೆ. ಪ್ರೇಕ್ಷಕರು ಕಣ್ಣೀರಿಡಬೇಕು ಎಂದೇ ಅವನು ಬರೆದಿದ್ದ. ಕನ್ನಡ ಕಲಿತ ಬ್ರಿಟಿಷ್ ನಟಿ ರಾಣಿಯಾಗುತ್ತಾಳೆಂದು ಈಗ ಊರಿಗೆಲ್ಲ ಇಮೇಲ್ ಹೋಯಿತು.

ಸಂಭಾಷಣೆ ಕಂಪ್ಯೂಟರಿನಲ್ಲಿ ಬಂತು. ಜೆಸ್ಲಿನ್ ಎರಡನೇ ಕ್ಲಾಸಿನವರೆಗೆ ಕಲಿತ ಅಕ್ಷರಗಳು ಮೊದಲ ಸಾಲಿನ ಒತ್ತಕ್ಷರಕ್ಕೇ ಮಂಡಿಯೂರಿದವು. ಲೂರ್ಡ್ಸ್ ಓದಿ ಹೇಳಿದಳು, ಇವಳು ಕೇಳಿ ಕಲಿತಳು. "ಎಲೈ ದಳಪತಿಯೇ, ಸಮರಾಂಗಣದಲ್ಲಿ ವೈರಿಗಳ ರುಂಡಗಳನ್ನು ಚೆಂಡಾಡದೆ ಹಿಂದಿರುಗುವೆಯಾ?"

"ರುಂಡ ಅಂದ್ರೆ ಎಂತ ಮಾವ್ಶಿ?"

"ತಲೆ."

"ತಲೆಯಲ್ಲಿ ಯಾಕೆ ಚೆಂಡಾಟ ಆಡುದು?"

"ಅದು ಸಾಹಿತ್ಯ. ನೀನು ಬಾಯಿಪಾಠ ಮಾಡು."

ಅವಳು ಬಾಯಿಪಾಠ ಮಾಡಿದಳು. ಜಪಮಾಲೆಯ ಮಣಿ ಎಣಿಸಿದಂತೆ, ಎದುರಿನವನ ಕೊನೆಯ ಶಬ್ದ ಹಿಡಿದು ತನ್ನ ಸಾಲು, ಅದಾದ ಮೇಲೆ ಮುಂದಿನದು. ಅರ್ಧಕ್ಕರ್ಧ ಅರ್ಥವಾಗಿರಲಿಲ್ಲ, ಆದರೆ ಒಂದಕ್ಷರ ತಪ್ಪುತ್ತಿರಲಿಲ್ಲ.

ನಾಟಕಕ್ಕೆ ಒಂದು ವಾರ ಮೊದಲು ಮಾವ್ಶಿಯೂ ಜೆಸ್ಲಿನ್‌ಳೂ ಸಿಡ್ನಿಗೆ ಹಾರಿದರು. ವಿಮಾನ ನಿಲ್ದಾಣದಲ್ಲಿ ಗಿರೀಶ ರೇಷ್ಮೆ ಜುಬ್ಬಾ ತೊಟ್ಟು, ಗಂಧದ ಹಾರ ಹಿಡಿದು ನಿಂತಿದ್ದ. ಪಕ್ಕದಲ್ಲಿ ಯೋಗೀಶ 'ಮಿಸ್ ಜೆಸ್ಲಿನ್' ಎಂದು ಬರೆದ ರಟ್ಟು ಎತ್ತಿಹಿಡಿದಿದ್ದ. ಜೆಸ್ಲಿನ್ ನಗುತ್ತಾ ನೇರ ಅವರ ಮುಂದೆ ಹೋಗಿ ನಿಂತಳು. ಗಿರೀಶ ಅವಳ ಭುಜದ ಮೇಲಿನಿಂದ ಕತ್ತು ಉದ್ದ ಮಾಡಿ ನೋಡಿದ.

"ಸ್ವಲ್ಪ ಸೈಡಿಗೆ ಬರ್ತೀರಾ ಮೇಡಂ? ನಮ್ಮ ಗೆಸ್ಟ್ ಬರ್ತಿದಾರೆ. ಆಂಟಿ, ನೀವೂ ಸ್ವಲ್ಪ."

ಅವಳು ಬಾಯಿ ತೆರೆಯುವಷ್ಟರಲ್ಲಿ ಎತ್ತರದ, ಹೊಂಬಣ್ಣದ ಕೂದಲಿನ ಹೆಂಗಸೊಬ್ಬಳು ಕಪ್ಪು ಕನ್ನಡಕ ಹಾಕಿಕೊಂಡು ಹೊರಗೆ ಬಂದಳು. ಬ್ರಿಟಿಷ್ ನಟಿ ಹೇಗಿರಬೇಕೋ ಥೇಟ್ ಹಾಗೆಯೇ ಇದ್ದಳು. ಗಿರೀಶ ನುಗ್ಗಿ ಹಾರ ಹಾಕಿದ. "ಕನ್ನಡ ನಾಡಿನ ಪರವಾಗಿ ತಮಗೆ ಸುಸ್ವಾಗತ!" ಎಂದು ಕೈಮುಗಿದ. ಯೋಗೀಶ ಫೋಟೋ ಹೊಡೆದ. ಹೆಂಗಸು ಒಂದಿಷ್ಟೂ ಗಾಬರಿಯಾಗದೆ ಹಾರವನ್ನು ಮೂಸಿ, ಸಿಡ್ನಿಯ ಜನ ಇಷ್ಟು ಒಳ್ಳೆಯವರೆಂದು ತನಗೆ ಗೊತ್ತಿರಲಿಲ್ಲ ಎಂದು ಇಂಗ್ಲಿಷಿನಲ್ಲಿ ಹೇಳಿ, ಅವನ ಕೆನ್ನೆಗೊಂದು ಮುತ್ತು ಕೊಟ್ಟು, ಟ್ಯಾಕ್ಸಿ ಹತ್ತಿ ಹೊರಟುಹೋದಳು. ಹಾರವೂ ಹೋಯಿತು.

ಗಿರೀಶ ಕೆನ್ನೆ ಹಿಡಿದುಕೊಂಡು ನಿಂತಿದ್ದಾಗ ಲೂರ್ಡ್ಸ್ ಕೆಮ್ಮಿದಳು. "ಇವಳು ಜೆಸ್ಲಿನ್. ನಾನು ಇವಳ ಮಾವ್ಶಿ. ಆ ಹೆಂಗಸು ಯಾರಂತ ನಮಗೆ ಗೊತ್ತಿಲ್ಲ."

ಗಿರೀಶ ಅವರಿಬ್ಬರನ್ನು ಕಾರಿನಲ್ಲಿ ಎಪ್ಪಿಂಗಿನ ತನ್ನ ಮನೆಗೆ ಕರೆದೊಯ್ದ. ಅವನ ಹೆಂಡತಿ ಸುಜಾತಾ ಫ್ಲ್ಯಾಟಿನ ಬಾಗಿಲು ತೆಗೆದು, ವಿಷಯ ಕೇಳಿ, ಬಾಗಿಲ ಚೌಕಟ್ಟು ಹಿಡಿದು ನಕ್ಕಳು. "ಒಳ್ಳೇದಾಯ್ತು ಬನ್ನಿ. ನಾನು ಒಂದು ವಾರ ಬಾಯಿಗೆ ರುಚಿಯಿಲ್ಲದ ಸಪ್ಪೆ ಅಡುಗೆ ಮಾಡ್ಬೇಕಾಗುತ್ತಲ್ಲಾ ಅಂತ ಅಳ್ತಾ ಇದ್ದೆ."

ತಾಲೀಮಿನಲ್ಲಿ ಗಿರೀಶನ ಮುಖ ನಿಧಾನವಾಗಿ ಅರಳಿತು. ಹುಡುಗಿ ಬಿಳಿ ಅಲ್ಲದಿದ್ದರೂ ಸಾಲುಗಳು ನೀರು ಕುಡಿದಷ್ಟು ಸಲೀಸು. ದನಿ ಕೋಣೆಯ ಕೊನೆಯ ಗೋಡೆ ಮುಟ್ಟುತ್ತಿತ್ತು. "ಏನ್ ಡೆಡಿಕೇಶನ್ ಗುರು ಈ ಹುಡುಗೀದು!" ಎಂದು ಯೋಗೀಶನಿಗೆ ಹೇಳಿದ. ಯೋಗೀಶ ದಳಪತಿಯ ಪಾತ್ರದಲ್ಲಿದ್ದ. ಅವನಿಗೆ ತನ್ನ ಸಾಲುಗಳು ಒಮ್ಮೆಯೂ ಪೂರ್ತಿ ಬಂದಿರಲಿಲ್ಲ. ಸ್ಟೇಜಿನ ಮೇಲೆ ಬಂದೇ ಬರುತ್ತವೆ ಎಂಬ ಧೈರ್ಯ ಮಾತ್ರ ಇತ್ತು.

ಭಾನುವಾರ ಮಧ್ಯಾಹ್ನ ಶಾಲೆಯ ಹಾಲ್ ತುಂಬಿತು. ಮುಂದಿನ ಸಾಲಿನಲ್ಲಿ ಮಗನ ಮನೆಗೆ ಧಾರವಾಡದ ಕಡೆಯಿಂದ ಬಂದಿದ್ದ ಚನ್ನಮಲ್ಲಪ್ಪ, ಪಕ್ಕದಲ್ಲಿ ಅವರ ಹೆಂಡತಿ ದ್ಯಾಮವ್ವ. ಬ್ರಿಟಿಷ್ ನಟಿಯನ್ನು ಹತ್ತಿರದಿಂದ ನೋಡಬೇಕೆಂದು ಇಬ್ಬರೂ ಊಟ ಬಿಟ್ಟು ಬೇಗ ಬಂದು ಕೂತಿದ್ದರು. ಪರದೆಯ ಪಕ್ಕದಲ್ಲಿ ಲೂರ್ಡ್ಸ್ ಸಂಭಾಷಣೆಯ ಹಾಳೆಗಳನ್ನು ಹಿಡಿದು ನಿಂತಿದ್ದಳು.

ಮೊದಲ ದೃಶ್ಯ ಚೆನ್ನಾಗಿಯೇ ಹೋಯಿತು. ಎರಡನೆಯದರಲ್ಲಿ ದಳಪತಿ ಯೋಗೀಶ ಓಡಿಬಂದು ಕೋಟೆ ಮುತ್ತಿಗೆಯ ಸುದ್ದಿ ಹೇಳಬೇಕು. ಅದು ಉದ್ದನೆಯ ಮಾತು. ಯೋಗೀಶ ಓಡಿಬಂದ, ನಿಂತ, ಜನರನ್ನು ನೋಡಿದ. "ಮಹಾರಾಣಿ..." ಎಂದ. ಬೆವರಿದ. "ಮಹಾರಾಣಿ, ಬಂದ್ರು" ಎಂದು ಮುಗಿಸಿಬಿಟ್ಟ.

ಜೆಸ್ಲಿನ್ ಕಾಯುತ್ತಿದ್ದದ್ದು 'ಧೂಳೀಪಟ' ಎಂಬ ಶಬ್ದಕ್ಕೆ. ಅದು ಬಂದರೆ ಅವಳ ಸಾಲು ಶುರು. ಅದು ಬರಲಿಲ್ಲ. ಮಾಲೆ ಹರಿದು ಮಣಿಗಳೆಲ್ಲ ಉರುಳಿಹೋದವು. ಯಾವ ಸಾಲು ಎಲ್ಲಿತ್ತೆಂದು ಹುಡುಕಿದಳು, ಒಂದೂ ಇಲ್ಲ. ಲೂರ್ಡ್ಸ್ ಕಡೆ ನೋಡಿದಳು. ಲೂರ್ಡ್ಸ್ ಗಾಬರಿಯಲ್ಲಿ ಕನ್ನಡಕ ಹುಡುಕುತ್ತಿದ್ದಳು. ಅದು ತಲೆಯ ಮೇಲೆಯೇ ಇತ್ತು. ಯಾವುದೋ ಮಗು ಚಿಪ್ಸ್ ಕಡಿಯುವ ಸದ್ದು ಕೇಳುತ್ತಿತ್ತು.

ಸುಮ್ಮನೆ ನಿಂತ ಪಾತ್ರಗಳನ್ನೇ ಜೆಸ್ಲಿನ್ ಜೀವಮಾನವಿಡೀ ಮಾಡಿದ್ದಳು. ಇನ್ನೊಂದು ಗಳಿಗೆ ಹೀಗೇ ನಿಂತರೆ ತಾನು ಇಲ್ಲೇ ಕಂಬವಾಗಿಬಿಡುತ್ತೇನೆ ಅನ್ನಿಸಿತು. ಹತ್ತಿರ ಉಳಿದಿದ್ದದ್ದು ತನ್ನದೇ ಕನ್ನಡ, ಬಿಜೈಯ ಶಾಲೆಯಂಗಳದ್ದು. ಅವಳು ಸೊಂಟಕ್ಕೆ ಕೈಯಿಟ್ಟಳು.

"ಬಂದ್ರು ಅಂದ್ರೆ ಎಂತ ಮಾರಾಯ? ಎಷ್ಟು ಜನ ಬಂದ್ರು? ಬಾಗಿಲು ಹಾಕಿ ಬಂದ್ಯಾ ಇಲ್ವಾ?"

ಯೋಗೀಶ ಕಣ್ಣುಕಣ್ಣು ಬಿಟ್ಟ. "ಬಾಗಿಲು... ಹಾಕಿಲ್ಲ ಮಹಾರಾಣಿ."

"ಹಾಕಿಲ್ವಾ! ಅಷ್ಟು ದೊಡ್ಡ ಕತ್ತಿ ಕೊಟ್ಟದ್ದು ಯಾಕೆ, ಬೆನ್ನು ಕೆರೀಲಿಕ್ಕಾ? ಹೋಗು, ಬಾಗಿಲು ಹಾಕಿ ಬಾ. ಇಲ್ಲದಿದ್ರೆ ನಿನ್ನ ಅಮ್ಮನಿಗೆ ಹೇಳ್ತೇನೆ!"

ಮೊದಲು ದ್ಯಾಮವ್ವ ನಕ್ಕಳು. ಆಮೇಲೆ ಆ ಸಾಲು, ಆಮೇಲೆ ಹಾಲಿಗೆ ಹಾಲೇ. ಯೋಗೀಶ ನಿಜಕ್ಕೂ ಓಡಿಹೋಗಿ ಹಾಲಿನ ಬಾಗಿಲು ಹಾಕಿಬಂದ. ಹೊರಗೆ ನಿಂತಿದ್ದ ಉಪಾಹಾರದವರು ಹೊರಗೇ ಉಳಿದರು. ಆ ನಗು ಜೆಸ್ಲಿನ್‌ಳ ಮೈಗೆ ಬಿಸಿನೀರಿನ ಹಾಗೆ ತಾಗಿತು. ಕೋಟೆಗೆ ಮುತ್ತಿಗೆ ಹಾಕಿದವರಿಗೆ ಅವಳು ಕಿಟಕಿಯಿಂದ ಬೈದಳು. ಯುದ್ಧಕ್ಕೆ ಹೊರಟ ಸೈನಿಕರಿಗೆ ಉಂಡು ಹೋಗಿ ಎಂದಳು. ಸಾಹಿತ್ಯದ ಸಾಲುಗಳು ನಡುನಡುವೆ ನೆನಪಾದಾಗ ಅವನ್ನೂ ಸೇರಿಸಿದಳು. ಅದಕ್ಕೆ ಜನ ಇನ್ನೂ ಹೆಚ್ಚು ನಕ್ಕರು.

ಕೊನೆಯ ದೃಶ್ಯಕ್ಕೆ ಗಿರೀಶ ವಿಷದ ಬಟ್ಟಲು ಹಿಡಿದು ಬಂದ. ಅವನ ಮುಖ ಸಾವಿನ ದೃಶ್ಯಕ್ಕೆ ತಕ್ಕ ಹಾಗೆಯೇ ಇತ್ತು, ನಟನೆಯ ಅಗತ್ಯವಿರಲಿಲ್ಲ.

"ದೇವಿ, ಮಾನವೇ ಪ್ರಾಣಕ್ಕಿಂತ ಮಿಗಿಲು. ಈ ಗರಳವನ್ನು ಸ್ವೀಕರಿಸು."

ಈ ಸಾಲಿಗೆ ಉತ್ತರ ಜೆಸ್ಲಿನ್‌ಗೆ ಚೆನ್ನಾಗಿ ನೆನಪಿತ್ತು. ಬಟ್ಟಲು ತೆಗೆದುಕೊಂಡು, ಅದನ್ನು ಹೇಳಿ, ಬೀಳಬೇಕು ಅಷ್ಟೆ. ಆದರೆ ಜನರ ಕಡೆ ನೋಡಿದಳು. ಅವರೆಲ್ಲ ಕುರ್ಚಿಯ ತುದಿಗೆ ಬಂದು ಕೂತಿದ್ದರು. ವೆರಿಬಿಯ ಮರಳಿನ ಚಳಿ ಬೆನ್ನಿನಲ್ಲಿ ಹರಿದುಹೋಯಿತು. ಅವಳು ಬಟ್ಟಲು ಮೂಸಿ ಮುಖ ಕಿವುಚಿದಳು.

"ನಂಗೆ ಬೇಡ."

"ದೇವಿ!" ಗಿರೀಶ ಹಲ್ಲು ಕಚ್ಚಿದ. ಮೆಲ್ಲಗೆ, "ಕುಡೀರೀ, ಪ್ಲೀಸ್" ಎಂದ. ಮೈಕು ಅದನ್ನೂ ಜನರಿಗೆ ಮುಟ್ಟಿಸಿತು.

"ಮೊದಲು ನೀವು ಕುಡೀರಿ. ನಿಮಗೆ ಎಂತ ಆಗ್ತದೆ ನೋಡಿ ಮತ್ತೆ ನಾನು ಕುಡಿಯುದು."

ಚನ್ನಮಲ್ಲಪ್ಪನವರು ಎದ್ದು ನಿಂತು ಚಪ್ಪಾಳೆ ತಟ್ಟಿದರು. "ಕುಡಿಬ್ಯಾಡವಾ! ಬದುಕು ನೀ!" ಎಂದು ದ್ಯಾಮವ್ವ ಕೂಗಿದಳು. ಗಿರೀಶ ಸುತ್ತಮುತ್ತ ನೋಡಿದ. ಬೇರೆ ದಾರಿಯಿರಲಿಲ್ಲ. ಮೂರು ವರ್ಷ ಬರೆದ ದುರಂತದ ಕೊನೆಯಲ್ಲಿ ರಾಜನೇ ಗಟಗಟ ವಿಷ ಕುಡಿದು ಬಿದ್ದ. ಅದು ಕೋಕಂ ಶರಬತ್ತು. ಬೀಳುವಾಗ ಕಿರೀಟ ಉರುಳಿ ಜೆಸ್ಲಿನ್‌ಳ ಕಾಲಬಳಿ ನಿಂತಿತು. ಅವಳು ಅದನ್ನೆತ್ತಿ ತಲೆಗಿಟ್ಟುಕೊಂಡು, "ಇನ್ನು ಎಲ್ಲರೂ ಊಟಕ್ಕೆ ಹೋಗುವಾ" ಎಂದಳು. ಪರದೆ ಬಿತ್ತು.

ನಾಟಕ ಮುಗಿದ ಮೇಲೆ ಗಿರೀಶ ಹಿಂದಿನ ಕೋಣೆಯಲ್ಲಿ ಒಬ್ಬನೇ ಕೂತಿದ್ದ. ಜೆಸ್ಲಿನ್ ಹೋಗಿ ಎದುರಿಗೆ ನಿಂತಳು. ಅಷ್ಟು ಹೊತ್ತು ಉರಿದ ದೀಪ ಅವಳೊಳಗೂ ಆರಿತ್ತು.

"ಸಾರಿ ಸಾರ್. ನಾನು ನಿಮ್ಮ ನಾಟಕ ಹಾಳು ಮಾಡ್ದೆ."

"ಹೌದು, ಮಾಡಿದ್ರಿ" ಎಂದ ಅವನು. "ಜನ ಅಳ್ಬೇಕಿತ್ತು ಕಣ್ರೀ. ಒಬ್ಬರೂ ಅಳಲಿಲ್ಲ."

ಅಷ್ಟರಲ್ಲಿ ಚನ್ನಮಲ್ಲಪ್ಪನವರು ಕಣ್ಣೊರೆಸಿಕೊಳ್ಳುತ್ತಾ ಒಳಗೆ ಬಂದರು. "ಗಿರೀಶಪ್ಪ, ನಕ್ಕೂ ನಕ್ಕೂ ಕಣ್ಣಾಗ ನೀರ್ ಬಂತಪ್ಪ. ಇಂಥಾದ್ದು ಬರೆಯೋರು ಯಾರೂ ಇಲ್ಲ ಬಿಡು. ಮಗನ ಮನಿಗೆ ಬಂದು ಎರಡ್ ತಿಂಗಳಾತು, ಇವತ್ತ ನಕ್ಕಿದ್ದು ನೋಡು."

ಗಿರೀಶ ಅವರನ್ನು ನೋಡಿದ, ಜೆಸ್ಲಿನ್‌ಳನ್ನು ನೋಡಿದ. ತಾನು ಬರೆದದ್ದು ಅದಲ್ಲವೆಂದು ಹೇಳಲು ಬಾಯಿ ತೆರೆದ. ಆಮೇಲೆ, "ನಿಮಗೆ ಇಷ್ಟ ಆಯ್ತಲ್ಲ ಸಾರ್, ಅದೇ ಸಂತೋಷ" ಎಂದುಬಿಟ್ಟ. ಸುಜಾತಾ ಬಾಗಿಲಲ್ಲಿ ನಿಂತು ಸೆರಗು ಬಾಯಿಗೊತ್ತಿಕೊಂಡಳು.

ಲೂರ್ಡ್ಸ್ ಮಾತ್ರ ಏನೂ ಹೇಳಿರಲಿಲ್ಲ. ಮೆಲ್ಬರ್ನಿನ ವಿಮಾನದಲ್ಲಿ ಬೆಲ್ಟು ಬಿಗಿದು ಕೂತ ಮೇಲೆ ಜೆಸ್ಲಿನ್ ತಡೆಯಲಾರದೆ ಕೇಳಿದಳು: "ಮಾವ್ಶಿ, ಹೇಗಿತ್ತು?"

"ವ್ಯಾಕರಣ ತುಂಬ ತಪ್ಪು ಉಂಟು" ಎಂದಳು ಲೂರ್ಡ್ಸ್. ಕಿಟಕಿಯ ಕಡೆ ತಿರುಗಿ, ಮತ್ತೆ ಇತ್ತ ತಿರುಗಿದಳು. "ನಾನು ಅತ್ತದ್ದು ಆ್ಯಕ್ಟಿಂಗ್ ಅಲ್ಲ ಬಾಯೆ. ಹೆದರಿ ಅತ್ತದ್ದು. ಅದು ಯಾರಿಗೂ ಬರ್ತದೆ. ಇವತ್ತು ನೀನು ಮಾಡಿದ್ದು ನನಗೆ ಬರುವುದಿಲ್ಲ."

ಜೆಸ್ಲಿನ್ ವಿಮಾನದವರು ಕೊಟ್ಟ ಬಿಸ್ಕತ್ತಿನಲ್ಲಿ ಅರ್ಧ ಮುರಿದು ಮಾವ್ಶಿಯ ಕೈಗಿಟ್ಟಳು. ತಿಂಗಳುಗಳಿಂದ ಎದೆಯಲ್ಲಿ ಕೂತಿದ್ದ ಉರಿ ಎಲ್ಲಿ ಹೋಯಿತೋ ಹುಡುಕಿದರೂ ಸಿಗಲಿಲ್ಲ.

ಇಂಗ್ಲೆಂಡಿನ ಟಿಕೆಟ್ಟಿನ ವಿಚಾರ ಅಲ್ಲಿಗೆ ನಿಂತಿತು. ಶಾಂಪೂ ತುಂಬುವ ಕೆಲಸದ ಜೊತೆಗೆ ಅವಳು ವಾರಕ್ಕೊಮ್ಮೆ ಮೆಲ್ಬರ್ನಿನ ಬ್ರನ್ಸ್‌ವಿಕ್‌ನ ಒಂದು ಪುಟ್ಟ ಹೋಟೆಲಿನಲ್ಲಿ, ಯಾರು ಬೇಕಾದರೂ ಮೈಕು ಹಿಡಿಯಬಹುದಾದ ಸಂಜೆಗಳಲ್ಲಿ, ಜನರನ್ನು ನಗಿಸಲು ನಿಂತು ಮಾತಾಡತೊಡಗಿದಳು. ಮೊದಲ ಸಲ ಒಬ್ಬರೂ ನಗಲಿಲ್ಲ. ಎರಡನೆಯ ಸಲ ಲೋಟ ತೊಳೆಯುವವನು ನಕ್ಕ. ಐದಾರು ಸಲದ ಹೊತ್ತಿಗೆ ಜನ ಅವಳ ಹೆಸರು ಹಿಡಿದು ಕೇಳುತ್ತಿದ್ದರು. ಅಲ್ಲಿ ಅವಳನ್ನು ಕಂಡ ಒಂದು ಚಿಕ್ಕ ನಾಟಕ ತಂಡ ಮುಂದಿನ ವರ್ಷ ತಮ್ಮ ಪ್ರಹಸನಕ್ಕೆ ಕರೆಯಿತು. ಪಾತ್ರ ಬಾಯಿಬಡುಕಿ ಮನೆಯೊಡತಿಯದು: ಬಾಡಿಗೆಯವರನ್ನು ಗೋಳುಹೊಯ್ದುಕೊಳ್ಳುವ ಇಂಗ್ಲೆಂಡಿನ ಹೆಂಗಸು, ಮೊದಲಿನಿಂದ ಕೊನೆಯವರೆಗೆ ರಂಗದ ಮೇಲೇ ಇರುವವಳು. ಯಾವ ಆ್ಯಕ್ಸೆಂಟ್ ಬೇಕೆಂದು ಜೆಸ್ಲಿನ್ ಕೇಳಿದಾಗ ಅವರಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ.

ಮೊದಲ ಪ್ರದರ್ಶನಕ್ಕೆ ಲೂರ್ಡ್ಸ್ ಮದುವೆಮನೆಗಳಿಗೆಂದೇ ತೆಗೆದಿಟ್ಟಿದ್ದ ಸೀರೆ ಉಟ್ಟುಕೊಂಡು, ರೂಬೆನ್‌ನನ್ನು ಎಳೆದುಕೊಂಡು ಬಂದು ಎರಡನೇ ಸಾಲಿನಲ್ಲಿ ಕೂತಳು. ಸಿಡ್ನಿಯಿಂದ ಗಿರೀಶ ಒಂದು ಗಂಧದ ಹಾರ ಕಳಿಸಿದ್ದ. ಅದನ್ನು ಮಡಿಲಲ್ಲಿಟ್ಟುಕೊಂಡು ಕಾದಳು. ಮನೆಯೊಡತಿ ಮೆಟ್ಟಿಲಿಳಿದು ಬಂದು ಬಾಯಿ ತೆರೆದೊಡನೆ ಜನ ನಗತೊಡಗಿದರು. ಲೂರ್ಡ್ಸ್ ಪಕ್ಕದಲ್ಲಿದ್ದ ಅಪರಿಚಿತ ಬಿಳಿಯ ಮುದುಕನ ಭುಜಕ್ಕೆ ತಿವಿದು, "ಮೈ ಗರ್ಲ್, ಮೆನ್" ಎಂದಳು. ಅವನು ನಗುತ್ತಲೇ ತಲೆಯಾಡಿಸಿ ಆಚೆ ಸರಿದು ಕೂತ.